ಮಲೇಷ್ಯಾ ಕ್ಯಾಂಪಸ್‌ನಿಂದ ಆಸ್ಟ್ರೇಲಿಯಾಕ್ಕೆ ಹಾರುವ ಪ್ಲಾನ್ ಇದ್ದರೆ, ಮೊದಲು ಈ ಲೆಕ್ಕ ಹಾಕಿ

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ಮಲೇಷ್ಯಾದಲ್ಲಿ ಕ್ಯಾಂಪಸ್ ತೆರೆದಿದ್ದು 1998ರಲ್ಲಿ, ಅಲ್ಲಿಯದೇ ಆದ ಕರ್ಟಿನ್ ವಿಶ್ವವಿದ್ಯಾಲಯ ಅದರ ಮರುವರ್ಷ ಮಲೇಷ್ಯಾದ ಮಿರಿ ಊರಿಗೆ ಬಂತು. ಡಿಗ್ರಿ ಅಸಲಿ, ಪಾಠ ಚೆನ್ನಾಗಿದೆ, ಫೀಸ್ ಆಸ್ಟ್ರೇಲಿಯಾಕ್ಕಿಂತ ತುಂಬಾ ಕಡಿಮೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ತುಂಬಾ ಜನರ ಪ್ಲಾನ್ ಒಂದೇ: ಎರಡು ವರ್ಷ ಇಲ್ಲಿ ಓದೋಣ, ಕೊನೆಯ ವರ್ಷ ಮೆಲ್ಬರ್ನ್‌ಗೋ ಪರ್ತ್‌ಗೋ ಟ್ರಾನ್ಸ್‌ಫರ್ ತೆಗೆದುಕೊಳ್ಳೋಣ, ಆಮೇಲೆ ಅಲ್ಲೇ ಕೆಲಸ ಹುಡುಕೋಣ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಮೂರು ವರ್ಷದ ಡಿಗ್ರಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ.

ಓದು ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ಉಳಿದು ಕೆಲಸ ಮಾಡಲು 485 ವೀಸಾ ಬೇಕು. ಅದಕ್ಕೆ ಅಲ್ಲಿನ ಸರ್ಕಾರದ ಪಟ್ಟಿಯಲ್ಲಿ ಕನಿಷ್ಠ 92 ವಾರ ಎಂದು ದಾಖಲಾಗಿರುವ ಓದನ್ನು ಆಸ್ಟ್ರೇಲಿಯಾದಲ್ಲೇ ಮುಗಿಸಿರಬೇಕು, ಅದೂ 16 ತಿಂಗಳಿಗಿಂತ ಕಡಿಮೆ ಆಗದಂತೆ. ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ ಅನ್ನುವುದಷ್ಟೇ ಸಾಲದು, ನೀವು ಯಾವ ದೇಶದಲ್ಲಿ ಕೂತು ಓದಿದ್ದೀರಿ ಅನ್ನುವುದು ಮುಖ್ಯ. ಮಲೇಷ್ಯಾದಲ್ಲಿ ಪಾಸಾದ ವಿಷಯಗಳಿಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ಅವನ್ನು ಅಲ್ಲಿ ಮತ್ತೆ ಓದಬೇಕಿಲ್ಲ, ಆದರೆ ಆ ಕ್ರೆಡಿಟ್ ಈ 92 ವಾರಕ್ಕೆ ಸೇರುವುದಿಲ್ಲ. ಹಾಗಾಗಿ ಇಲ್ಲಿ ಎರಡು, ಅಲ್ಲಿ ಒಂದು ವರ್ಷ ಅಂದರೆ ಸಾಲದು. ಇಲ್ಲಿ ಒಂದು, ಅಲ್ಲಿ ಎರಡು ಅಂದರೆ ದಾರಿ ಇದೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಆದರೆ ಎರಡು ಮತ್ತು ಎರಡು ನಡೆಯುತ್ತದೆ.

ಒಬ್ಬ ಹುಡುಗನಿಗೆ ಏಜೆಂಟ್ "ಡಿಗ್ರಿ ಒಂದೇ, ವೀಸಾನೂ ಒಂದೇ" ಅಂದಿದ್ದರಂತೆ. ಕೊನೆಯ ಸೆಮಿಸ್ಟರ್‌ನಲ್ಲಿ ಅರ್ಜಿ ಹಾಕಲು ಹೋದಾಗಲೇ ಅವನಿಗೆ ನಿಯಮ ಗೊತ್ತಾಗಿದ್ದು. ವಾರ ತುಂಬಿಸಲು ಅಲ್ಲೇ ಇನ್ನೊಂದು ಕೋರ್ಸ್ ಸೇರಿದ, ಅಪ್ಪ ಮತ್ತೊಂದು ಸಾಲ ಮಾಡಿದರು. ಆ ಮನೆಯವರ ಕಷ್ಟ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಇನ್ನೊಂದು ಮಾತು, ಟ್ರಾನ್ಸ್‌ಫರ್ ಅಂದರೆ ಹೊಸ ಸ್ಟೂಡೆಂಟ್ ವೀಸಾ. 2025ರ ಜುಲೈನಿಂದ ಅದರ ಅರ್ಜಿ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್, ವೀಸಾ ಸಿಗದಿದ್ದರೂ ಹಣ ವಾಪಸ್ ಬರುವುದಿಲ್ಲ.

ಮಲೇಷ್ಯಾದ ಸೆಮೆನ್ಯಿಯಲ್ಲಿರುವ, ಬ್ರಿಟನ್‌ನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ ಸೇರುವವರೂ ಗಮನಿಸಿ. ಓದು ಮುಗಿದ ಮೇಲೆ ಬ್ರಿಟನ್‌ನಲ್ಲಿ ಉಳಿದು ಕೆಲಸ ಮಾಡಲು ಸಿಗುವ ಗ್ರಾಜುಯೇಟ್ ವೀಸಾಕ್ಕೆ, ಕೋರ್ಸ್ ಒಂದು ವರ್ಷಕ್ಕಿಂತ ದೊಡ್ಡದಾದರೆ, ಕನಿಷ್ಠ 12 ತಿಂಗಳು ಬ್ರಿಟನ್‌ನಲ್ಲಿ ಓದಿರಬೇಕು. ಒಂದು ಸೆಮಿಸ್ಟರ್ ಹೋಗಿ ಬಂದರೆ ಸಾಲದು. ಆದರೂ ನನ್ನ ಪ್ರಕಾರ ಎರಡರಲ್ಲಿ ಬ್ರಿಟನ್ ಪದ್ಧತಿಯೇ ವಾಸಿ, ಮಧ್ಯಮ ವರ್ಗದವರ ಕೈಗೆ ಎಟುಕುವಂತಿದೆ.

ಮಲೇಷ್ಯಾ ಕಡೆಯ ಒಂದು ಎಚ್ಚರಿಕೆ. 2023ರ ಡಿಸೆಂಬರ್‌ನಿಂದ ಭಾರತೀಯರು 30 ದಿನ ವೀಸಾ ಇಲ್ಲದೆ ಇಲ್ಲಿಗೆ ಬರಬಹುದು, ಅಲ್ವಾ? ಅದನ್ನು ನಂಬಿ ಸ್ಟೂಡೆಂಟ್ ಪಾಸ್‌ನ (ಇಲ್ಲಿ ಇದ್ದು ಓದಲು ಬೇಕಾದ ಪರವಾನಗಿ) ಒಪ್ಪಿಗೆ ಪತ್ರ ಬರುವ ಮೊದಲೇ ಟೂರಿಸ್ಟ್ ಥರ ಬಂದು ಕೂರಬೇಡಿ. ಪತ್ರ ಕೈಗೆ ಬರುವವರೆಗೆ ನೀವು ಮಲೇಷ್ಯಾದ ಹೊರಗೇ ಇರಬೇಕು. ಪಾರ್ಟ್ ಟೈಮ್ ದುಡಿದು ಖರ್ಚು ನಿಭಾಯಿಸುತ್ತೇನೆ ಅನ್ನುವ ಲೆಕ್ಕವನ್ನೂ ಬಿಡಿ, ಇಲ್ಲಿ ಅದಕ್ಕೆ ಅನುಮತಿ ಸಿಗುವುದು ರಜೆಯಲ್ಲಿ ಮಾತ್ರ, ಅದೂ ಕೆಲವೇ ಥರದ ಕೆಲಸಗಳಿಗೆ.

ಫೀಸ್ ಕಟ್ಟುವ ಮೊದಲು ಯಾವ ಸೆಮಿಸ್ಟರ್ ಯಾವ ಕ್ಯಾಂಪಸ್‌ನಲ್ಲಿ, ಟ್ರಾನ್ಸ್‌ಫರ್ ಯಾವಾಗ ಸಾಧ್ಯ ಅಂತ ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಏಜೆಂಟ್ ಬಾಯಿಮಾತು ಬೇಡ. ವೀಸಾ ನಿಯಮವನ್ನು ಆಯಾ ಸರ್ಕಾರದ ವೆಬ್‌ಸೈಟ್‌ನಲ್ಲಿ ನೀವೇ ಓದಿ, ಅಪ್ಪ ಅಮ್ಮನಿಗೂ ಓದಿ ಹೇಳಿ.