ಪ್ರೇರಿಯ ಹಿನ್ನೀರಿನ ದಡದಲ್ಲಿ ಕುದುರೆಗಳ ಜೊತೆ ಬಿಡಾರ: ಮೊದಲು ನೀರಿನ ಲೆಕ್ಕ

ಅಮೆರಿಕದ ಪ್ರೇರಿ, ಅಂದರೆ ಹುಲ್ಲುಗಾವಲು ಬಯಲಿನ ರಾಜ್ಯವಾದ ಕಾನ್ಸಸ್‌ನ ದೊಡ್ಡ ಕೆರೆಗಳು ಬಹುಪಾಲು ಪ್ರವಾಹ ತಡೆಯಲು ಕಟ್ಟಿದ ಅಣೆಕಟ್ಟುಗಳ ಹಿನ್ನೀರು. ಸಲೈನಾ ಊರಿನ ನೈಋತ್ಯಕ್ಕೆ, ಸ್ಮೋಕಿ ಹಿಲ್ ನದಿಗೆ ಅಡ್ಡವಾಗಿ 1948ರಲ್ಲಿ ಕಟ್ಟಿ ಮುಗಿಸಿದ ಕನೋಪೊಲಿಸ್ ಕೂಡ ಅಂಥದ್ದೇ. ಅಲ್ಲಿನ ಸ್ಟೇಟ್ ಪಾರ್ಕಿನಲ್ಲಿ ಕುದುರೆಯವರಿಗೆಂದೇ ರಾಕಿನ್ ಕೆ ಎಂಬ ಕ್ಯಾಂಪ್ ಇದೆ. ಹಾರ್ಸ್‌ಥೀಫ್ ಕಣಿವೆಯ ಮರಳುಗಲ್ಲುಗಳ ನಡುವೆ, ಹುಲ್ಲುಗಾವಲಿನ ಮೇಲೆ ಸವಾರಿಗೆ 25 ಮೈಲಿಗೂ ಹೆಚ್ಚು ದಾರಿಯಿದೆ. ಇಂಥ ಜಾಗದಲ್ಲಿ ಎರಡು ಕುದುರೆಗಳೊಂದಿಗೆ ಎರಡು ರಾತ್ರಿ ಉಳಿಯಬೇಕೆಂದರೆ ನನ್ನ ತಯಾರಿಯೆಲ್ಲ ಒಂದೇ ಮಾತಿನಿಂದ ಶುರುವಾಗುತ್ತದೆ: ಕಣ್ಣೆದುರಿಗೆ ಕೆರೆ ಇದೆ ಎಂದು ಕುದುರೆಗೆ ನೀರಿದೆ ಅಂದುಕೊಳ್ಳಬಾರದು.

450ರಿಂದ 500 ಕಿಲೋ ತೂಗುವ ಕುದುರೆ ತಂಪು ಹವೆಯಲ್ಲಿ ದಿನಕ್ಕೆ 25–30 ಲೀಟರ್ ಕುಡಿಯುತ್ತದೆ. ಜುಲೈ ಬಿಸಿಲಲ್ಲಿ ಸವಾರಿ ಮಾಡಿದ ದಿನ ಅದೇ ಕುದುರೆಗೆ 50–60 ಲೀಟರ್ ಬೇಕಾದೀತು. ತೊಂದರೆ ಏನೆಂದರೆ, ಹೊಸ ಊರಿನ ನೀರಿನ ವಾಸನೆ ಬೇರೆ ಎಂದು ಎಷ್ಟೋ ಕುದುರೆಗಳು ಮೂತಿ ತಿರುಗಿಸುತ್ತವೆ. ನೀರು ಕಮ್ಮಿಯಾಗಿ ಒಣಹುಲ್ಲು ಮಾತ್ರ ಹೊಟ್ಟೆ ಸೇರಿದರೆ ಕರುಳಿನಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಹಾಗಾಗಿ 25 ಲೀಟರಿನ ನಾಲ್ಕು ಕ್ಯಾನ್‌ಗಳಲ್ಲಿ ಮನೆಯ ನೀರನ್ನೇ ಒಯ್ಯುತ್ತೇನೆ. ಮೊದಲ ರಾತ್ರಿ ಪೂರ್ತಿ ಅದೇ ನೀರು, ಮರುದಿನ ಅರ್ಧ ಅದು, ಅರ್ಧ ಕ್ಯಾಂಪಿನ ನಲ್ಲಿಯದು. ತೀರಾ ಹಟಮಾರಿ ಕುದುರೆಗೆ ಹೊರಡುವ ವಾರ ಮುಂಚಿನಿಂದಲೇ ಮನೆಯಲ್ಲಿ ಬಕೆಟ್ಟಿಗೆ ಒಂದಿಷ್ಟು ಸೇಬಿನ ರಸ ಸೇರಿಸಿ ರೂಢಿ ಮಾಡಿಸಿದರೆ, ಅಲ್ಲಿಯೂ ಅದನ್ನೇ ಸೇರಿಸಿ ಕುಡಿಸಬಹುದು.

ಕೆರೆಯ ನೀರು ಯಾಕೆ ಬೇಡ? ಬೇಸಿಗೆ ಕಾವಿನಲ್ಲಿ, ಸುತ್ತಲ ಹೊಲಗಳ ಗೊಬ್ಬರ ತೊಳೆದು ಬಂದ ನಿಂತ ನೀರಿನಲ್ಲಿ, ನೀಲಿ-ಹಸಿರು ಪಾಚಿ ಉಕ್ಕುತ್ತದೆ. ಅದರ ವಿಷ ಪಿತ್ತಜನಕಾಂಗಕ್ಕೂ ನರಗಳಿಗೂ ತಾಗುತ್ತದೆ, ಕುದಿಸಿದರೂ ಹೋಗುವುದಿಲ್ಲ. ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆಗಟ್ಟಿದ್ದರೆ ಅದೇ ಗುರುತು. ಇಲ್ಲಿ ಬೇಸಿಗೆಯ ಗಾಳಿ ಹೆಚ್ಚಾಗಿ ದಕ್ಷಿಣದಿಂದ ಬೀಸುವುದರಿಂದ ಕೆನೆಯೆಲ್ಲ ಉತ್ತರದ ದಡಕ್ಕೆ ಬಂದು ಕೂರುತ್ತದೆ, ಒಂದು ದಡ ತಿಳಿಯಾಗಿದ್ದ ಮಾತ್ರಕ್ಕೆ ಕೆರೆ ಸರಿಯಿದೆ ಎಂದಲ್ಲ. ರಾಜ್ಯದ ಆರೋಗ್ಯ ಇಲಾಖೆ ‘ವಾಚ್’, ‘ವಾರ್ನಿಂಗ್’, ‘ಹಜಾರ್ಡ್’ ಎಂದು ಹಂತ ಹಂತವಾಗಿ ಎಚ್ಚರಿಕೆ ಕೊಡುತ್ತದೆ. ಹೊರಡುವ ದಿನ ಅದನ್ನು ನೋಡಿಯೇ ಕುದುರೆ ಸಾಗಿಸುವ ಟ್ರೇಲರನ್ನು ಟ್ರಕ್ಕಿಗೆ ಜೋಡಿಸುವುದು. ವಾಚ್ ಹಂತದಲ್ಲಿಯೇ ನಾನು ಕುದುರೆಯನ್ನು ನೀರಿಗೆ ಇಳಿಸುವುದಿಲ್ಲ.

ಪಾಚಿ ಇಲ್ಲದಿದ್ದರೂ ಕೆಸರು ಇದೆ. ನದಿ ಬಂದು ಸೇರುವ ತಲೆಭಾಗದಲ್ಲಿ ಹೂಳು ಆಳವಾಗಿ ತುಂಬಿರುತ್ತದೆ. ಮೇಲೆ ಬಿರುಕು ಬಿಟ್ಟ ಒಣ ಹೆಪ್ಪು, ಕೆಳಗೆ ಸಡಿಲ ರಾಡಿ. ಮನುಷ್ಯ ನಡೆದು ಹೋಗುವ ಜಾಗದಲ್ಲಿ ಕುದುರೆ ಹೊಟ್ಟೆಯವರೆಗೆ ಹೂತುಹೋಗಬಹುದು. ಎಳೆಯ ವಿಲೋ ಗಿಡಗಳೂ ಬಿರುಕು ಮಣ್ಣೂ ಒಟ್ಟಿಗೆ ಕಂಡರೆ ಅಲ್ಲಿಂದಲೇ ತಿರುಗುವುದು ಲೇಸು. ಮೇ, ಜೂನ್ ಮಳೆಗೆ ಈ ಕೆರೆಗಳ ಮಟ್ಟ ಬೇಗ ಏರಿ, ತಗ್ಗಿನ ಕ್ಯಾಂಪ್ ಜಾಗಗಳೇ ಮುಳುಗುವುದೂ ಉಂಟು. ಕಾಯ್ದಿರಿಸುವಾಗ ಎತ್ತರದ ಜಾಗವನ್ನೇ ಕೇಳಿ.

ಮೇವು ದಿನಕ್ಕೆ ಕುದುರೆಯ ತೂಕದ ಶೇ. 2ರಷ್ಟು, ಅಂದರೆ 9–10 ಕಿಲೋ. ಒಂದು ದಿನದ್ದು ಹೆಚ್ಚುವರಿ ಇರಲಿ. ಮನೆಯಲ್ಲಿ ತಿನ್ನುತ್ತಿದ್ದ ಹುಲ್ಲನ್ನೇ ಒಯ್ಯಬೇಕು. ದಾರಿಯಲ್ಲಿ ಸಿಕ್ಕ ಕುದುರೆ ಮಸಾಲೆ ಸೊಪ್ಪಿನ (ಆಲ್ಫಾಲ್ಫಾ ಮೇವಿನ) ಕಟ್ಟು ಕೊಳ್ಳುವುದಂತೂ ಬೇಡವೇ ಬೇಡ. ಈ ಬಯಲುಸೀಮೆಯಲ್ಲಿ ಬ್ಲಿಸ್ಟರ್ ಬೀಟಲ್ ಎಂಬ ಜೀರುಂಡೆ ಹಿಂಡುಗಟ್ಟಿ ಆ ಬೆಳೆಗೆ ಬೀಳುತ್ತದೆ. ಕೆಲವು ಜಾತಿಗಳ ಮರಿಹುಳುಗಳಿಗೆ ಮಿಡತೆ ಮೊಟ್ಟೆಯೇ ಆಹಾರ, ಆದ್ದರಿಂದ ಮಿಡತೆ ಹೆಚ್ಚಿದ ಮರುವರ್ಷ ಇವೂ ಹೆಚ್ಚುತ್ತವೆ. ಕಟಾವು ಯಂತ್ರದ ರೋಲರ್‌ಗೆ ಸಿಕ್ಕಿ ಸತ್ತ ಹುಳುಗಳು ಹುಲ್ಲಿನಲ್ಲೇ ಉಳಿದುಬಿಡುತ್ತವೆ. ಅವುಗಳಲ್ಲಿರುವ ಕ್ಯಾಂಥರಿಡಿನ್ ವಿಷ ಒಣಗಿದರೂ ಸಾಯುವುದಿಲ್ಲ, ಕರುಳು ಮತ್ತು ಮೂತ್ರನಾಳವನ್ನು ಸುಡುತ್ತದೆ. ಕೊಡಲೇಬೇಕೆಂದರೆ ಹುಳು ಏಳುವ ಮುಂಚಿನ ಮೊದಲ ಕಟಾವಿನದು ವಾಸಿ. ನಾನು ಪ್ರೇರಿಯ ಬ್ಲೂಸ್ಟೆಮ್ ಹುಲ್ಲನ್ನು, ಅದರಲ್ಲೂ ಕಳೆಬೀಜವಿಲ್ಲ ಎಂದು ಪ್ರಮಾಣಪತ್ರ ಇರುವುದನ್ನು ಒಯ್ಯುತ್ತೇನೆ. ಸೆರೀಸಿಯಾ ಲೆಸ್ಪೆಡೀಜಾ ಎಂಬ ಕಳೆ ಈಗಾಗಲೇ ಇಲ್ಲಿನ ಹುಲ್ಲುಗಾವಲನ್ನು ನುಂಗುತ್ತಿದೆ. ನಮ್ಮ ಮೇವಿನ ಕಟ್ಟಿನಿಂದ ಅದರ ಬೀಜ ಹೊಸ ಜಾಗಕ್ಕೆ ಬೀಳಬಾರದು.

ರಾತ್ರಿ ಕಟ್ಟುವುದು ಎಲ್ಲಿ? ಕ್ಯಾಂಪಿನಲ್ಲಿ ಕುದುರೆ ಬಿಡುವ ಬೇಲಿಯ ಆವರಣ ಸಿಕ್ಕರೆ ಒಳ್ಳೆಯದು. ಒಳಗೆ ತಂತಿಯ ತುಂಡು, ಸಡಿಲ ಮೊಳೆ ಇದೆಯೇ ಎಂದು ಕೈಯಾಡಿಸಿ ನೋಡಿಯೇ ಬಿಡಬೇಕು. ಇಲ್ಲದಿದ್ದರೆ ಎರಡು ಮರಗಳ ನಡುವೆ ಎತ್ತರದಲ್ಲಿ ಹಗ್ಗ ಬಿಗಿಯುವುದು ರೂಢಿ. ಹಗ್ಗ 12 ಮಿ.ಮೀ. ದಪ್ಪದ, ಜಗ್ಗದ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ಜಗ್ಗಿ ಜೋತುಬಿದ್ದರೆ ಕುದುರೆ ಕಾಲು ಸಿಕ್ಕಿಸಿಕೊಳ್ಳುತ್ತದೆ. ಎತ್ತರ ಕನಿಷ್ಠ 2.1 ಮೀಟರ್, ಮರಕ್ಕೆ ಸುತ್ತಲು 5 ಸೆಂ.ಮೀ. ಅಗಲದ ಪಟ್ಟಿ, ಕುದುರೆ ಕುದುರೆಗೆ 3.5 ಮೀಟರ್ ಅಂತರ, ಮರದಿಂದ 2.5 ಮೀಟರ್ ದೂರ. ಇಳಿಬಿಟ್ಟ ಹಗ್ಗದ ಕೊಂಡಿ ನೆಲದಿಂದ 30–45 ಸೆಂ.ಮೀ. ಮೇಲಿದ್ದರೆ ಮೂತಿ ಹುಲ್ಲಿಗೆ ತಲುಪುತ್ತದೆ, ಕಾಲು ಹಗ್ಗ ದಾಟುವುದಿಲ್ಲ.

ಆದರೆ ಪ್ರೇರಿಯಲ್ಲಿ ನೀರಿನ ಹತ್ತಿರ ಇರುವ ದೊಡ್ಡ ಮರ ಹೆಚ್ಚಾಗಿ ಕಾಟನ್‌ವುಡ್. ಗಾಳಿ ಎದ್ದರೆ ಅದರ ಕೊಂಬೆ ಮುರಿದು ಬೀಳುತ್ತದೆ, ಅದರಡಿ ರಾತ್ರಿ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ವಿದ್ಯುತ್ ಬೇಲಿಯನ್ನು ಕುದುರೆ ಮನೆಯಲ್ಲೇ ಕಲಿತಿದ್ದರೆ ಅದೇ ಉತ್ತಮ. 4 ಸೆಂ.ಮೀ. ಅಗಲದ ಪಟ್ಟಿ ಈ ಗಾಳಿಗೆ ಪಟಪಟ ಬಡಿದು ಕುದುರೆಯನ್ನು ಬೆದರಿಸುತ್ತದೆ, ಗೂಟವನ್ನೂ ಕೀಳುತ್ತದೆ, 6 ಮಿ.ಮೀ. ಹುರಿ ಸಾಕು, ಎರಡು ಸಾಲು, 3 ಮೀಟರಿಗೊಂದು ಗೂಟ. ಒಣನೆಲದಲ್ಲಿ ಅರ್ಥಿಂಗ್ ಸರಳು ಕೆಲಸ ಮಾಡುವುದಿಲ್ಲ, ಬುಡಕ್ಕೆ ಒಂದು ಬಕೆಟ್ ನೀರು ಸುರಿದು ಟೆಸ್ಟರ್ ಹಿಡಿದು ನೋಡಬೇಕು.

ಗುಡುಗುಮಳೆಯ ಮುನ್ಸೂಚನೆ ಇದ್ದ ರಾತ್ರಿ ಟ್ರೇಲರನ್ನು ಟ್ರಕ್ಕಿನಿಂದ ಬಿಡಿಸುವುದಿಲ್ಲ. ಖಾಲಿ ಟ್ರೇಲರನ್ನು ಗಾಳಿ ಅಲುಗಿಸಬಲ್ಲದು, ಹೊರಡಬೇಕಾದರೆ ಜೋಡಿಸಲು ಸಮಯವೂ ಇರುವುದಿಲ್ಲ. ಸುಂಟರಗಾಳಿಯ ‘ವಾಚ್’ (ಏಳುವ ಸಂಭವ ಇದೆ) ಬಂದ ಕೂಡಲೇ, ‘ವಾರ್ನಿಂಗ್’ (ಎದ್ದಿದೆ, ಇಲ್ಲವೇ ಈಗಲೇ ಏಳಲಿದೆ) ಆಗುವುದಕ್ಕೆ ಕಾಯದೆ ಹೊರಡಬೇಕು. ಹವಾಮಾನ ರೇಡಿಯೋ ಬ್ಯಾಟರಿಯದ್ದು ಇರಲಿ, ಕಣಿವೆಗಳಲ್ಲಿ ಫೋನ್ ಸಿಗ್ನಲ್ ನಂಬಲಾಗದು.

ಕಾಗದಪತ್ರ: ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಇಲ್ಲ ಎಂದು ತೋರಿಸುವ ಕಾಗಿನ್ಸ್ ರಕ್ತಪರೀಕ್ಷೆಯ ವರದಿ, ರಾಜ್ಯದ ಗಡಿ ದಾಟಿದರೆ ಪಶುವೈದ್ಯರ ಆರೋಗ್ಯಪತ್ರ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ರೋಗದ ಲಸಿಕೆ ವಸಂತದಲ್ಲೇ ಹಾಕಿಸಿರಬೇಕು, ಹಿನ್ನೀರಿನ ಸೊಳ್ಳೆ ಕಮ್ಮಿಯಲ್ಲ. ಔಷಧದ ಡಬ್ಬಿಯಲ್ಲಿ 15 ಸೆಂ.ಮೀ. ಉದ್ದದ ಎರಡು ಮೆತ್ತನೆ ಕೊಳವೆ ತುಂಡು ಇಟ್ಟಿರುತ್ತೇನೆ. ರ್‍ಯಾಟಲ್‌ಸ್ನೇಕ್ (ಬಾಲದಲ್ಲಿ ಗಿಲಕಿಯ ಸದ್ದು ಮಾಡುವ ವಿಷದ ಹಾವು) ಮೂತಿಗೆ ಕಚ್ಚಿದರೆ ಮೂಗು ಊದಿ ಮುಚ್ಚಿಕೊಳ್ಳುತ್ತದೆ, ಕುದುರೆ ಬಾಯಿಂದ ಉಸಿರಾಡಲಾರದು. ಊತ ಏರುವ ಮೊದಲೇ ಕೊಳವೆ ತೂರಿಸಿ ಟೇಪು ಸುತ್ತಿದರೆ ವೈದ್ಯರ ಬಳಿ ತಲುಪುವವರೆಗೆ ಜೀವ ಉಳಿಯಬಹುದು.

ಲದ್ದಿಯನ್ನು ಬೆಳಗ್ಗೆ, ಸಂಜೆ ಎತ್ತಿ ಕ್ಯಾಂಪಿನ ಗುಂಡಿಗೆ ಹಾಕುವುದು, ಗುಂಡಿ ಇಲ್ಲದಿದ್ದರೆ ಚೀಲದಲ್ಲಿ ವಾಪಸ್ ಒಯ್ಯುವುದು. ಕೆರೆಯ ಕಡೆ ಎಸೆದರೆ ನಾಳಿನ ಪಾಚಿಗೆ ಅದೂ ಗೊಬ್ಬರ. ಹೊರಡುವ ಮುನ್ನ ಬಾಲ, ಅಯಾಲು, ಗೊರಸಿನ ಸಂದುಗಳಲ್ಲಿ ಸಿಕ್ಕ ಬೀಜ, ಮುಳ್ಳು, ಉಣ್ಣಿಗಳನ್ನು ಅಲ್ಲಿಯೇ ಕಿತ್ತು, ಟ್ರೇಲರಿನ ನೆಲ ಗುಡಿಸಿ, ಆಮೇಲೆ ಕುದುರೆ ಹತ್ತಿಸಬೇಕು.