48.5 ಹರ್ಟ್ಸ್‌ನ ಗೆರೆ ಮತ್ತು ಅದರ ಅಕ್ಕಪಕ್ಕದವು

ಡಾರ್ಕ್ ಫೋಟಾನ್ ಅನ್ನೋ ತೀರಾ ಹಗುರವಾದ ಕಣವೇ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಗೊತ್ತಾಗುವ ವಸ್ತು) ಆಗಿದ್ದರೆ, ಅದು ಗುರುತ್ವದ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋ ಡಿಟೆಕ್ಟರ್‌ಗಳ ಕನ್ನಡಿಗಳನ್ನು ಹೆಚ್ಚುಕಡಿಮೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸದಾ ಅಲ್ಲಾಡಿಸುತ್ತಿರಬೇಕು. ಕಪ್ಪುಕುಳಿಗಳು ಡಿಕ್ಕಿ ಹೊಡೆಯುವವರೆಗೂ ಕಾಯಬೇಕಾಗಿಲ್ಲ. ಡೇಟಾದಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಎದ್ದು ನಿಂತ ಸಣ್ಣದೊಂದು ಗೆರೆ ಸಿಕ್ಕರೆ ಸಾಕು. 2015ರ ಸೆಪ್ಟೆಂಬರ್‌ನಿಂದ 2016ರ ಜನವರಿವರೆಗಿನ, ಸುಧಾರಿತ ಲೈಗೋದ ಮೊದಲ ರನ್‌ನ (ವೀಕ್ಷಣಾ ಅವಧಿಯ) ಡೇಟಾ ಎಲ್ಲರಿಗೂ ಸಿಗುತ್ತದೆ. ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್‌ಗಳಲ್ಲಿರುವ ಎರಡೂ ಡಿಟೆಕ್ಟರ್‌ಗಳದ್ದು ಇಳಿಸಿಕೊಂಡೆ.

ಶುರುವಿನಲ್ಲೇ ದುರಾಸೆ ಮಾಡಿದೆ. ಇಡೀ ದಿನದ ಡೇಟಾಗೆ ಒಂದೇ ಎಫ್‌ಎಫ್‌ಟಿ (ಸಿಗ್ನಲ್ ಅನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಹಾಕಿದರೆ ಗೆರೆ ಚೂಪಾಗುತ್ತದೆ ಅಂದುಕೊಂಡಿದ್ದೆ. ಪರೀಕ್ಷೆಗೆಂದು 500 ಹರ್ಟ್ಸ್‌ನಲ್ಲಿ ನಾನೇ ಸೇರಿಸಿದ ನಕಲಿ ಸಿಗ್ನಲ್ ಕೂಡ ಕಾಣೆಯಾಯಿತು! ಈ ಕಣಗಳ ವೇಗ ಬೆಳಕಿನ ವೇಗದ ಸಾವಿರದ ಒಂದು ಪಾಲು. ಎಲ್ಲವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹಾಗಾಗಿ ಗೆರೆ ತನ್ನ ಫ್ರೀಕ್ವೆನ್ಸಿಯ ಹತ್ತು ಲಕ್ಷದ ಒಂದು ಪಾಲಿನಷ್ಟು ಹರಡಿಕೊಳ್ಳುತ್ತದೆ. 500 ಹರ್ಟ್ಸ್‌ಗೆ ಒಂದು ಎಫ್‌ಎಫ್‌ಟಿಗೆ ಸುಮಾರು 2000 ಸೆಕೆಂಡಿನ ಡೇಟಾ ಸಾಕು, ಜಾಸ್ತಿ ತಗೊಂಡರೆ ಹರಡಿದ ಗೆರೆ ಚೂರುಚೂರಾಗಿ ನಷ್ಟ. 1800 ಸೆಕೆಂಡಿಗೆ ಇಳಿದೆ.

ಆಮೇಲೆ 48.5 ಹರ್ಟ್ಸ್‌ನಲ್ಲಿ ಗೆರೆ ಕಂಡಿತು. ಎರಡೂ ಡಿಟೆಕ್ಟರ್‌ನಲ್ಲಿ! ಕಣದ ತೂಕ ಲೆಕ್ಕ ಹಾಕಿಯೇಬಿಟ್ಟೆ: 1 ಎಲೆಕ್ಟ್ರಾನ್ ವೋಲ್ಟ್‌ನ (ಕಣಗಳ ತೂಕ ಹೇಳುವ ಅಳತೆ) 5 ಲಕ್ಷ ಕೋಟಿಯಲ್ಲಿ ಒಂದು ಪಾಲು.

ಅನುಮಾನ ಹುಟ್ಟಿಸಿದ್ದು ಫೇಸ್, ಅಂದರೆ ಎರಡೂ ಕಡೆಯ ಏರಿಳಿತ ಒಂದಕ್ಕೊಂದು ಎಷ್ಟು ಹಿಂದೆಮುಂದೆ ಅನ್ನೋದು. ಈ ಕಣದ ಅಲೆಯ ಉದ್ದ ಸುಮಾರು 60 ಲಕ್ಷ ಕಿಲೋಮೀಟರ್. ಡಿಟೆಕ್ಟರ್‌ಗಳ ನಡುವೆ ಇರುವುದು ಬರೀ 3000 ಕಿಲೋಮೀಟರ್. ಅಂದಮೇಲೆ ಎರಡೂ ಕಡೆ ತಳ್ಳಾಟ ಒಟ್ಟಿಗೇ ಆಗಬೇಕು. ಆದರೆ ಎರಡರ ‘ಎಲ್’ ಆಕಾರದ ತೋಳುಗಳು ಒಂದಕ್ಕೊಂದು ಸುಮಾರು 90 ಡಿಗ್ರಿ ತಿರುಗಿವೆ. ಹಾಗಾಗಿ ಎರಡರ ಎಫ್‌ಎಫ್‌ಟಿಗಳನ್ನು ಗುಣಿಸಿದಾಗ ರಿಯಲ್ ಭಾಗ (ಒಟ್ಟಿಗೇ ಇಲ್ಲವೇ ಪೂರ್ತಿ ವಿರುದ್ಧವಾಗಿ ಆಡುವ ಪಾಲು) ಮೈನಸ್ ಬರಬೇಕು, ಇಮ್ಯಾಜಿನರಿ ಭಾಗ (ಕಾಲು ಸುತ್ತು ಹಿಂದೆಮುಂದೆ ಆದ ಪಾಲು) ಸೊನ್ನೆಯ ಹತ್ತಿರ ಇರಬೇಕು. ನನ್ನದು ಸರಿಯಾಗಿ ಉಲ್ಟಾ: ರಿಯಲ್ ಸೊನ್ನೆ, ಎಲ್ಲವೂ ಇಮ್ಯಾಜಿನರಿಯಲ್ಲಿ.

ನಾನು 48ರಿಂದ 49ರವರೆಗೆ ಮಾತ್ರ ಪ್ಲಾಟ್ ಹಾಕಿದ್ದೆ. ಅಗಲ ಮಾಡಿದೆ. 46.5, 47.5, 49.5, 50.5... ಬಾಚಣಿಗೆಯ ಹಲ್ಲುಗಳು. ಟೈಮಿಂಗ್ ಸಲಕರಣೆಯಲ್ಲಿ ಮಿನುಗುತ್ತಿದ್ದ ಎಲ್‌ಇಡಿಗಳ ಕೆಲಸ ಅದು. ಎರಡೂ ಕಡೆಯ ಗಡಿಯಾರ ಜಿಪಿಎಸ್‌ಗೆ ಹೊಂದಿಕೊಂಡಿರುವುದರಿಂದ ಮಿನುಗೂ ಒಂದೇ ತಾಳಕ್ಕೆ. ಗೊತ್ತಿರುವ ಗೆರೆಗಳ ಪಟ್ಟಿಯಲ್ಲಿ ಇದೆಲ್ಲ ಮೊದಲೇ ಇತ್ತು, ನಾನೇ ತೆರೆದು ನೋಡಿರಲಿಲ್ಲ.

ಈಗ ಆ ಪಟ್ಟಿಯಲ್ಲಿರುವ ಫ್ರೀಕ್ವೆನ್ಸಿಗಳನ್ನು ಮೊದಲೇ ಕಿತ್ತುಹಾಕುತ್ತೇನೆ. ಅಲ್ಲಿನ ಕರೆಂಟಿನ 60 ಹರ್ಟ್ಸ್ ಕೂಡ ಹೋಗುತ್ತದೆ. ಡಾರ್ಕ್ ಫೋಟಾನ್ ಅಲ್ಲೇ ಕೂತಿದ್ದರೆ ನನ್ನ ಕೈಗಂತೂ ಸಿಗುವುದಿಲ್ಲ.