ಕುದುರೆಮುಖದಲ್ಲಿ ಗುಡ್ಡನೂ ಕಾಣ್ಬೇಕು, ಜಲಪಾತನೂ ಕಾಣ್ಬೇಕು ಅಂದ್ರೆ ಹೇಗೆ ಪ್ಲಾನ್ ಮಾಡ್ಬೇಕು

ಕುದುರೆಮುಖಕ್ಕೆ ಹೋಗಿ ಬಂದವ್ರನ್ನ ಕೇಳಿ ನೋಡಿ, ಅರ್ಧ ಜನ ಸ್ವರ್ಗ ಕಣ್ರೀ ಅಂತಾರೆ, ಇನ್ನರ್ಧ ಜನ ಅಯ್ಯೋ ಬರೀ ಮಂಜು, ಮೇಲೆ ಹತ್ತಿ ಬಿಳೀ ಗೋಡೆ ನೋಡ್ಕೊಂಡು ಬಂದ್ವಿ, ಕಾಲು ತುಂಬ ಇಂಬಳ (ಜಿಗಣೆ) ಬೇರೆ ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಅವ್ರು ಹೋದ ತಿಂಗಳು ಬೇರೆ, ಇವ್ರು ಹೋದ ತಿಂಗಳು ಬೇರೆ ಅಷ್ಟೆ. ಈ ಜಾಗದಲ್ಲಿ ಶಿಖರಕ್ಕೆ ಒಂದು ಕಾಲ, ನೀರಿಗೆ ಒಂದು ಕಾಲ, ಎರಡೂ ಒಂದೇ ವೀಕೆಂಡಲ್ಲಿ ಪೂರ್ತಿಯಾಗಿ ಸಿಗೋದು ಕಷ್ಟ. ಇದನ್ನ ತಲೇಲಿಟ್ಕೊಂಡು ಪ್ಲಾನ್ ಮಾಡಿದ್ರೆ ಉಳಿದಿದ್ದೆಲ್ಲ ಸುಲಭ.

ಮೊದ್ಲು ಕಾಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಅಂದ್ರೆ ಮಳೆ, ನಮ್ಮ ಬೆಂಗಳೂರಿನ ಸಂಜೆ ಮಳೆ ಥರ ಬಂದು ಹೋಗೋದಲ್ಲ, ಹಿಡಿದ್ರೆ ದಿನಗಟ್ಟಲೆ ಬಿಡಲ್ಲ. ಅರಬ್ಬಿ ಸಮುದ್ರದ ಕಡೆಯಿಂದ ಬರೋ ಮೋಡ ಕರಾವಳಿ ದಾಟಿ ಈ ಗುಡ್ಡಗಳ ಸಾಲಿಗೆ ಬಂದು ತಾಗುತ್ತೆ, ಮುಂದೆ ಹೋಗೋಕೆ ಆಗದೆ ಮೇಲಕ್ಕೇರಿ ತಣ್ಣಗಾಗಿ ಅಲ್ಲೇ ಸುರಿಯುತ್ತೆ. ಆ ಟೈಮಲ್ಲಿ ಜಲಪಾತ ನೋಡೋಕೆ ಹೋಗಿ, ಶಿಖರದ ಆಸೆ ಬಿಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಕಮ್ಮಿ ಆಗಿರುತ್ತೆ, ಹುಲ್ಲು ಇನ್ನೂ ಹಸಿರಾಗಿರುತ್ತೆ, ಹಳ್ಳಗಳಲ್ಲಿ ನೀರೂ ಇರುತ್ತೆ, ನನ್ನನ್ನ ಕೇಳಿದ್ರೆ ಒಂದೇ ಸಲ ಹೋಗೋರಿಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಡಿಸೆಂಬರ್, ಜನವರಿಗೆ ಬಂದ್ರೆ ಆಕಾಶ ಕ್ಲಿಯರ್, ದೂರದವರೆಗೆ ಕಾಣುತ್ತೆ, ಬೆಳಗಿನ ಚಳಿ ಚೆನ್ನಾಗಿ ಕಚ್ಚುತ್ತೆ, ಆದ್ರೆ ಹುಲ್ಲು ಹಳದಿಗೆ ತಿರುಗಿರುತ್ತೆ, ಜಲಪಾತ ಸಣ್ಣಗಾಗಿರುತ್ತೆ. ಫೆಬ್ರವರಿ ಆದ್ಮೇಲೆ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯವ್ರು ಟ್ರೆಕ್ಕಿಂಗ್ ನಿಲ್ಲಿಸೋದು ಮಾಮೂಲಿ, ಹಾಗಾಗಿ ಬೇಸಿಗೆ ರಜಕ್ಕೆ ಮಕ್ಕಳನ್ನ ಕರ್ಕೊಂಡು ಹೋಗೋಣ ಅಂತಿದ್ರೆ ಓಪನ್ ಇದೆಯಾ ಅಂತ ಮೊದ್ಲೇ ವಿಚಾರಿಸ್ಕೊಳ್ಳಿ.

ಪರ್ಮಿಷನ್ ಇಲ್ದೆ ಹೋಗೋ ಹಾಗಿಲ್ಲ. ಇದು 1987ರಲ್ಲಿ ಘೋಷಣೆ ಆದ ರಾಷ್ಟ್ರೀಯ ಉದ್ಯಾನ, ಸುಮಾರು 600 ಚದರ ಕಿಲೋಮೀಟರ್ ಕಾಡು, ಹುಲಿ ಇದೆ, ಕಾಟಿ ಇದೆ, ಸಿಂಗಳೀಕ ಇದೆ. ಟ್ರೆಕ್ಕಿಂಗ್ ಬುಕಿಂಗ್ ಎಲ್ಲ ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಲ್ಲೇ ಆಗ್ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ ಸ್ಲಾಟ್ ಬೇಗ ಖಾಲಿ ಆಗುತ್ತೆ, ಅದ್ರಲ್ಲೂ ಸಾಲು ರಜೆ ಇದ್ರೆ ಕೇಳೋದೇ ಬೇಡ. ಹೆಸರು ಕೊಟ್ಟವ್ರೇ ಹೋಗ್ಬೇಕು, ಯಾವ ಐಡಿ ಕೊಟ್ಟಿರ್ತೀರೋ ಅದನ್ನೇ ಕೈಲಿ ಹಿಡ್ಕೊಂಡು ಹೋಗಿ. ಕಾಡೊಳಗೆ ರಾತ್ರಿ ಟೆಂಟ್ ಹಾಕೋಕೆ ಬಿಡಲ್ಲ, ಡ್ರೋನ್ ಹಾರಿಸೋ ಹಾಗಿಲ್ಲ, ಬ್ಯಾಗ್ ಚೆಕ್ ಮಾಡಿ ಪ್ಲಾಸ್ಟಿಕ್ ಎಷ್ಟಿದೆ ನೋಡ್ತಾರೆ. ಕೆಲವ್ರು ಇದಕ್ಕೆಲ್ಲ ಕಿರಿಕಿರಿ ಮಾಡ್ಕೊಂಡು ಗೇಟಲ್ಲಿ ಜಗಳಕ್ಕೆ ನಿಲ್ತಾರೆ, ಆದ್ರೆ ಮಿತಿ ಇಲ್ದೆ ಜನ ನುಗ್ಗಿದ ಬೇರೆ ಗುಡ್ಡಗಳ ಗತಿ ನೋಡಿದ್ಮೇಲೆ ನನಗಂತೂ ಇದು ಸರಿ ಅನ್ಸುತ್ತೆ.

ಹೋಗೋದು ಹೇಗೆ ಅಂದ್ರೆ ಬೆಂಗಳೂರಿಂದ ರಾತ್ರಿ ಹೊರನಾಡು ಕಡೆ ಹೋಗೋ ಬಸ್ ಹತ್ತಿದ್ರೆ ಬೆಳಿಗ್ಗೆ ಕಳಸದಲ್ಲಿ ಇಳೀಬಹುದು, ಅಲ್ಲಿಂದ ಕುದುರೆಮುಖ ರೋಡಲ್ಲಿ ಸಂಸೆ, ಬಾಳೆಗಲ್. ಮಂಗಳೂರು, ಉಡುಪಿ ಕಡೆಯವ್ರು ಕಾರ್ಕಳ ಮೇಲೆ ಮಾಳ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ ದಾಟಿ ಬರ್ತಾರೆ, ಆ ದಾರಿ ನೋಡೋಕೇ ಒಂದು ಸಲ ಹೋಗ್ಬೇಕು. ಅಂದ ಹಾಗೆ ಎಸ್.ಕೆ. ಅಂದ್ರೆ ಸೌತ್ ಕೆನರಾ, ಜಿಲ್ಲೆ ಹೆಸರು ಬದಲಾಗಿ ಎಷ್ಟೋ ವರ್ಷ ಆಯ್ತು, ಊರಿಗೆ ಮಾತ್ರ ಅದೇ ಹೆಸರು ಉಳ್ಕೊಂಡಿದೆ. ಬಸ್ಸಿಂದ ಇಳಿದು ಸೀದಾ ಗುಡ್ಡಕ್ಕೆ ಹೋಗೋ ಹುಚ್ಚು ಬೇಡ, ರಾತ್ರಿ ನಿದ್ದೆಗೆಟ್ಟ ಕಾಲು ಮಧ್ಯಾಹ್ನದ ಹೊತ್ತಿಗೆ ಮಾತು ಕೇಳಲ್ಲ. ಮೊದಲನೇ ದಿನ ಜಲಪಾತ ಸುತ್ತಾಡಿ, ಸಂಸೆ ಸುತ್ತಮುತ್ತ ಯಾವ್ದಾದ್ರೂ ಹೋಮ್‌ಸ್ಟೇಲಿ ಉಳ್ಕೊಂಡು ಎರಡನೇ ದಿನ ಬೆಳಿಗ್ಗೆ ಹತ್ತಿ.

ಬಾಳೆಗಲ್‌ನಿಂದ, ನಡಿಗೆ ಶುರುವಾಗೋ ಮುಳ್ಳೋಡಿವರೆಗೆ ಜೀಪು. ಆರೇಳು ಕಿಲೋಮೀಟರ್ ಇರ್ಬಹುದು, ಆದ್ರೆ ಆ ರೋಡು ರೋಡಲ್ಲ, ಮಳೆ ಬಂದ್ರೆ ಕೆಸರು, ಬಿಸಿಲು ಬಂದ್ರೆ ಬಂಡೆ, ನಿಮ್ಮ ಕಾರು ಒಯ್ಯೋ ಯೋಚನೆ ಬೇಡ. ಜೀಪಿನ ಬಾಡಿಗೆ ಸಾಮಾನ್ಯವಾಗಿ ಗಾಡಿಗೆ ಇಷ್ಟು ಅಂತ ಇರುತ್ತೆ, ಒಬ್ರಿಬ್ರೇ ಇದ್ರೆ ಹಿಂದಿನ ರಾತ್ರಿನೇ ಹೋಮ್‌ಸ್ಟೇಲಿ ಬೇರೆ ಗುಂಪಿನ ಜೊತೆ ಮಾತಾಡ್ಕೊಂಡ್ಬಿಡಿ, ಖರ್ಚು ಹಂಚ್ಕೋಬಹುದು. ಮಧ್ಯಾಹ್ನದ ಊಟನೂ ಅವ್ರೇ ಪ್ಯಾಕ್ ಮಾಡ್ಕೊಡ್ತಾರೆ, ಚಿತ್ರಾನ್ನನೋ ಪಲಾವೋ ಏನೋ ಒಂದು, ಸ್ಟೀಲ್ ಡಬ್ಬಿ ನೀವೇ ತಗೊಂಡೋದ್ರೆ ಪ್ಲಾಸ್ಟಿಕ್ ತಂಟೆನೇ ಇರಲ್ಲ. ಕಾಸು ಕೈಲಿರ್ಲಿ, ಮೊಬೈಲ್ ಸಿಗ್ನಲ್ ನಂಬ್ಕೊಂಡು ಯುಪಿಐ ಮಾಡ್ತೀನಿ ಅಂತ ಹೋಗ್ಬೇಡಿ.

ಈಗ ಹತ್ತೋದು. ಹೋಗಿ ಬರೋಕೆ ಸುಮಾರು 18ರಿಂದ 20 ಕಿಲೋಮೀಟರ್, ಶಿಖರ 1,890 ಮೀಟರ್ ಚಿಲ್ಲರೆ ಎತ್ತರ, ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದ್ಯಲ್ಲ ಅದಕ್ಕಿಂತ ಸ್ವಲ್ಪ ಕಮ್ಮಿ, ಆದ್ರೆ ಅಲ್ಲಿ ಗಾಡೀಲಿ ಹೋಗಿ ಮೆಟ್ಟಿಲು ಹತ್ತಿದ್ರೆ ಆಯ್ತು, ಇಲ್ಲಿ ಪೂರ್ತಿ ಕಾಲೇ ಗತಿ. ಗೈಡ್ ಜೊತೆಗಿರ್ತಾರೆ. ಶುರುವಿನಲ್ಲಿ ದಾರಿ ಸಲೀಸು, ಒಂದಾದ್ಮೇಲೊಂದು ಹಳ್ಳ ಬರುತ್ತೆ, ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಹಾರ್ತಾ ಶೂ ಒದ್ದೆ ಆಗ್ದಂಗೆ ಕಾಪಾಡ್ಕೊಳ್ಳೋಕೆ ಎಲ್ರೂ ಒದ್ದಾಡ್ತಾರೆ, ನಾನು ಹೇಳೋದು ಮಳೆಗಾಲದ ಆಸುಪಾಸಲ್ಲಿ ಆದ್ರೆ ನೀರಲ್ಲೇ ಕಾಲಿಟ್ಟು ನಡೀರಿ ಅಂತ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಕಾಲು ಉಳುಕೋದಕ್ಕಿಂತ ಒದ್ದೆ ಶೂ ವಾಸಿ. ಹಾಗೇ ಮುಂದೆ ಹೋದ್ರೆ ಒಂಟಿಮರ ಅಂತ ಒಂದು ಜಾಗ, ಹೆಸರಿಗೆ ತಕ್ಕ ಹಾಗೆ. ಅಲ್ಲಿಂದ ಬಯಲು ಗುಡ್ಡ ತೆರ್ಕೊಳ್ಳುತ್ತೆ.

ಇಲ್ಲಿ ಸ್ವಲ್ಪ ನಿಂತು ಗುಡ್ಡದ ಮೈ ನೋಡಿ. ಏರು ಇಳಿಜಾರೆಲ್ಲ ಬರೀ ಹುಲ್ಲು, ಎರಡು ಗುಡ್ಡ ಸೇರೋ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು, ಯಾರೋ ಅಳತೆ ಮಾಡಿ ನೆಟ್ಟ ಹಾಗೆ. ಇದಕ್ಕೆ ಶೋಲಾ ಕಾಡು ಅಂತಾರೆ. ಗಾಳಿ ಕಮ್ಮಿ ಇದ್ದು ಮಣ್ಣು, ತೇವ ನಿಲ್ಲೋ ಜಾಗದಲ್ಲಷ್ಟೇ ಮರ ಬೆಳೆಯುತ್ತೆ, ಗಾಳಿಗೆ ಒಡ್ಡಿಕೊಂಡ ನೆತ್ತಿಗಳಲ್ಲಿ ಹುಲ್ಲು. ಮಳೆ ನೀರನ್ನ ಈ ಹುಲ್ಲು ಮತ್ತು ಶೋಲಾ ಎರಡೂ ಹೀರ್ಕೊಂಡು ನಿಧಾನಕ್ಕೆ ಬಿಡುತ್ತೆ, ಅದಕ್ಕೇ ನೀವು ದಾಟಿ ಬಂದ ಹಳ್ಳಗಳಲ್ಲಿ ಮಳೆ ನಿಂತು ತಿಂಗಳಾದ್ರೂ ನೀರು ಹರೀತಾನೇ ಇರುತ್ತೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋ ಗಂಗಾಮೂಲ ಇದೇ ಉದ್ಯಾನದ ವರಾಹ ಪರ್ವತದಲ್ಲಿದೆ, ಅಲ್ಲಿಗೆ ಸುಮ್ನೆ ಹಾಗೆ ಹೋಗೋಕೆ ಬಿಡಲ್ಲ. ತುಂಗಾ ಭದ್ರಾ ಪೂರ್ವಕ್ಕೆ ಹರಿದು ಕೂಡ್ಲಿಯಲ್ಲಿ ಒಂದಾಗಿ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋದ್ರೆ ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಲ್ಲಿ ಸಮುದ್ರ ಸೇರುತ್ತೆ, ಅಂದ್ರೆ ಈ ಗುಡ್ಡದ ಸಾಲಿನ ಆಚೆ ಈಚೆ ಬಿದ್ದ ಎರಡು ಹನಿ ಎರಡು ಸಮುದ್ರಕ್ಕೆ ಹೋಗುತ್ತೆ.

ಕೊನೇ ಭಾಗ ಕಡಿದು. ಶೋಲಾ ಒಳಗೆ ಒಂದು ಏರು ಬರುತ್ತೆ, ಬೇರು ಹಿಡ್ಕೊಂಡು ಹತ್ತೋ ಥರ, ಅದಾದ್ಮೇಲೆ ಗಾಳಿ ಬಡಿಯೋ ನೆತ್ತಿ. ಒಂದು ವಿಷಯ ಹೇಳ್ಬಿಡ್ತೀನಿ, ಕುದುರೆ ಮುಖದ ಆಕಾರ ದೂರದಿಂದ ಮಾತ್ರ ಕಾಣೋದು, ತುದಿಗೆ ಹೋದ್ಮೇಲೆ ಕುದುರೆ ಎಲ್ಲಿ ಅಂತ ಹುಡುಕ್ಬೇಡಿ, ದಾರೀಲೇ ಗೈಡ್ ತೋರಿಸ್ದಾಗ ನೋಡ್ಕೊಂಡ್ಬಿಡಿ. ತುದೀಲಿ ನೋಡ್ಬೇಕಾಗಿರೋದು ಪಶ್ಚಿಮದ ಕಡೆ, ಗುಡ್ಡ ಅಲ್ಲಿ ಒಮ್ಮೆಲೇ ಕಡಿದು ಬೀಳುತ್ತೆ, ಕೆಳಗೆ ಬೆಳ್ತಂಗಡಿ ಕಡೆಯ ಕಾಡು, ತೋಟ. ಹೋಗೋಷ್ಟರಲ್ಲಿ ಮಂಜು ಮುಚ್ಚಿದ್ರೆ ತಕ್ಷಣ ಸೆಲ್ಫಿ ಹೊಡ್ಕೊಂಡು ವಾಪಸ್ ತಿರುಗ್ಬೇಡಿ. ಇಲ್ಲಿ ಮಂಜು ಅಂದ್ರೆ ನಡೀತಿರೋ ಮೋಡ, ಕೆಳಗಿಂದ ಏರಿ ನೆತ್ತಿ ದಾಟಿ ಹೋಗುತ್ತೆ, ಮಧ್ಯೆ ಮಧ್ಯೆ ಸಂದು ಬಿಡುತ್ತೆ. ಮುಖಕ್ಕೆ ಬಡಿಯೋ ಗಾಳಿ ಜೋರಾಗಿದ್ದು ತಲೆ ಮೇಲೆ ಬೆಳಕು ಹೆಚ್ಚು ಕಮ್ಮಿ ಆಗ್ತಿದ್ರೆ ಸಂದು ಬಿಡೋ ಚಾನ್ಸ್ ಇದೆ, ಗಾಳಿನೇ ಇಲ್ದೆ ಸುತ್ತ ಒಂದೇ ಬೂದು ಬಣ್ಣ ಕೂತಿದ್ರೆ ಅವತ್ತು ಕಷ್ಟ. ಅಂಚಿಂದ ದೂರ ಕೂತು ಅರ್ಧ ಗಂಟೆ ಕಾಯಿರಿ, ಊಟ ಅಲ್ಲೇ ಮಾಡಿ, ಕಸ ವಾಪಸ್ ತನ್ನಿ.

ಬೆಳಿಗ್ಗೆ ಎಷ್ಟು ಬೇಗ ಬಿಡ್ತಾರೋ ಅಷ್ಟು ಬೇಗ ಶುರು ಮಾಡೋದು ಇದಕ್ಕೇ. ಹತ್ತೋಕೆ ಮಾಮೂಲಿ ನಡಿಗೇಲಿ ನಾಲ್ಕು ಗಂಟೆ ಇಟ್ಕೊಳ್ಳಿ, ಇಳಿಯೋಕೆ ಮೂರು, ಹೊತ್ತು ಏರಿದ ಹಾಗೆ ಮೋಡ ಜಾಸ್ತಿ ಆಗೋದೇ ಹೆಚ್ಚು. ಮಧ್ಯಾಹ್ನ ಒಂದು ಗಂಟೆ ಒಳಗೆ ತುದಿ ಮುಟ್ಟಿಲ್ಲ ಅಂದ್ರೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ, ಬಯಲು ಗುಡ್ಡದ ಆ ನೋಟ ತುದಿಗಿಂತ ಏನೂ ಕಮ್ಮಿ ಇಲ್ಲ. ಇಷ್ಟು ನಡೆಯೋಕೆ ಆಗಲ್ಲ ಅನ್ನೋರಿಗೆ ನೇತ್ರಾವತಿ ಪೀಕ್ ಇದೆ, ಸಂಸೆ ಕಡೆಯಿಂದಲೇ ಹೋಗೋದು, ದೂರ ಕಮ್ಮಿ, ನೋಟ ಭರ್ಜರಿ. ಕುರಿಂಜಾಲ್ ಇನ್ನೂ ಸಲೀಸು. ಎರಡಕ್ಕೂ ಬುಕಿಂಗ್ ಬೇಕೇ ಬೇಕು.

ಇಂಬಳದ ಬಗ್ಗೆ ಜನ ಕತೆ ಕಟ್ಟಿ ಹೆದರಿಸ್ತಾರೆ. ಅದು ಎಲೆ ತುದೀಲಿ, ತರಗೆಲೆ ಮೇಲೆ ಮೈಯ ಹಿಂದಿನ ತುದಿ ಊರಿ ಮುಂಭಾಗ ಎತ್ಕೊಂಡು ಗಾಳೀಲಿ ತಡಕಾಡ್ತಾ ನಿಂತಿರುತ್ತೆ, ನಿಮ್ಮ ಮೈ ಶಾಖ, ಉಸಿರು, ನಡಿಗೆಯ ಅದುರು ಗೊತ್ತಾದ್ರೆ ಅಂಟ್ಕೊಳ್ಳುತ್ತೆ. ಪ್ಯಾಂಟನ್ನ ಸಾಕ್ಸ್ ಒಳಗೆ ಸಿಗಿಸಿ, ಶೂ ಮೇಲೆ ಸಾಕ್ಸ್ ಮೇಲೆ ಉಪ್ಪು ಬೆರೆಸಿದ ಕೊಬ್ಬರಿ ಎಣ್ಣೆ ಸವರಿ, ಊರವ್ರು ಹೊಗೆಸೊಪ್ಪು, ಸುಣ್ಣ ಹಚ್ತಾರೆ ಅದೂ ಆಗುತ್ತೆ. ನೆರಳಿನ ತೇವ ಜಾಗದಲ್ಲಿ ನಿಂತು ಹರಟೆ ಹೊಡೀಬೇಡಿ, ಬಯಲಿಗೆ ಬಂದ್ಮೇಲೆ ನಿಂತು ಒಬ್ರ ಕಾಲು ಇನ್ನೊಬ್ರು ನೋಡಿ. ಕಚ್ಚಿದ್ರೆ ಕಿತ್ತು ಎಳೀಬೇಡಿ, ಬಾಯಿ ಹತ್ರ ಉಗುರು ಹಾಕಿ ಪಕ್ಕಕ್ಕೆ ಜಾರ್ಸಿ ಬಿಡಿಸಿ, ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಗಾಬರಿ ಬೇಡ, ತೊಳೆದು ಒತ್ತಿ ಹಿಡಿದು ಬಟ್ಟೆ ಕಟ್ಟಿ.

ಜಲಪಾತಕ್ಕೆ ಬಂದ್ರೆ ಮುಖ್ಯವಾದ್ದು ಹನುಮಾನ್‌ಗುಂಡಿ, ಕೆಲವ್ರು ಸೂತನಬ್ಬಿ ಅಂತಾರೆ, ಕುದುರೆಮುಖದಿಂದ ಕಾರ್ಕಳ ರೋಡಲ್ಲಿ ಸಿಗುತ್ತೆ. ಟಿಕೆಟ್ ತಗೊಂಡು ಮೆಟ್ಟಿಲು ಇಳಿಯೋದು, ಇಳಿಯೋವಾಗ ಖುಷಿ, ಹತ್ತೋವಾಗ ಮಂಡಿ ಇರೋದು ನೆನಪಾಗುತ್ತೆ, ವಯಸ್ಸಾದವ್ರನ್ನ ಕರ್ಕೊಂಡು ಹೋದ್ರೆ ಯೋಚ್ನೆ ಮಾಡಿ. ಮಳೆ ಜೋರಿದ್ದಾಗ ನೀರಿಗಿಳಿಯೋಕೆ ಬಿಡಲ್ಲ, ಕೆಲವೊಮ್ಮೆ ಪೂರ್ತಿ ಮುಚ್ಚಿರ್ತಾರೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ನೀರೂ ಇರುತ್ತೆ, ಪ್ರವೇಶನೂ ಇರುತ್ತೆ. ಅದೇ ರೋಡಲ್ಲಿ ಕಡಾಂಬಿ ಜಲಪಾತ, ರೋಡ್ ಪಕ್ಕದಲ್ಲೇ ಬೀಳುತ್ತೆ, ಅಲ್ಲಿ ಗಾಡಿ ನಿಲ್ಲಿಸಿ ನೀರಿಗೆ ಇಳೀಬೇಡಿ. ಕಾಡೊಳಗಿನ ರೋಡಿಗೆ ಹೋಗೋವಾಗ ಚೆಕ್‌ಪೋಸ್ಟಲ್ಲಿ ಟೈಮ್ ಬರೆದ ಚೀಟಿ ಕೊಟ್ರೆ ಅದನ್ನ ಜೋಪಾನ ಮಾಡಿ, ಆ ಟೈಮಿಗೆ ಆಚೆ ಗೇಟ್ ತಲುಪ್ಬೇಕು, ಮಧ್ಯೆ ಎಲ್ಲೋ ನಿಂತು ರೀಲ್ಸ್ ಮಾಡ್ತಾ ಲೇಟ್ ಆದ್ರೆ ದಂಡ. ನೀರಲ್ಲಿ ಆಡ್ಲೇಬೇಕು ಅನ್ನೋರು ಶೃಂಗೇರಿ ಕಡೆ ಹೋಗಿ ಕಿಗ್ಗದ ಹತ್ರ ಸಿರಿಮನೆ ಜಲಪಾತ ನೋಡಿ, ಅಲ್ಲಿ ಕಾಫಿ ತೋಟದ ಮಧ್ಯೆ ಮೆಟ್ಟಿಲಿಳಿದು ನೀರಿನ ಕೆಳಗೇ ನಿಲ್ಬಹುದು.

ಕೆರೆ, ಸರೋವರ ಏನಾದ್ರೂ ಇದೆಯಾ ಅಂತ ಕೇಳೋರಿಗೆ ಲಕ್ಯಾ ತೋರಿಸ್ತಾರೆ. ಗುಡ್ಡಗಳ ಮಧ್ಯೆ ನೀರು ಹರಡ್ಕೊಂಡು ಫೋಟೋದಲ್ಲಿ ಯಾವ್ದೋ ವಿದೇಶದ ಥರ ಕಾಣುತ್ತೆ. ಅದು ಸಹಜ ಸರೋವರ ಅಲ್ಲ, 1976ರಲ್ಲಿ ಶುರುವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯವ್ರು ಅದಿರು ತೆಗೆದು ಉಳಿದ ಕೆಸರು ಭದ್ರಾ ನದಿಗೆ ಹೋಗ್ದಂಗೆ ತಡೆಯೋಕೆ ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟು. ಅದಿರಿನ ಪುಡಿನ ನೀರಲ್ಲಿ ಕಲಸಿ ಪೈಪಲ್ಲಿ ಘಾಟಿ ಇಳಿಸಿ ಪಣಂಬೂರಿಗೆ ಕಳಿಸ್ತಿದ್ರು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತ್ಹೋಯ್ತು, ಟೌನ್‌ಶಿಪ್ ಬಹುಪಾಲು ಖಾಲಿ. ಆ ನೀರಿನ ಕೆಳಗೆ ಇರೋದು ಗಣಿಯ ಹೂಳು, ನೋಡೋದೇನೋ ಚೆಂದವೇ. ಡ್ಯಾಮ್ ಹತ್ರಕ್ಕೆ ಯಾವಾಗ್ಲೂ ಬಿಡಲ್ಲ, ಅದನ್ನೇ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ. ನಿಜವಾದ ಕೆರೆನೇ ಬೇಕು ಅಂದ್ರೆ ವಾಪಸ್ ಬರೋ ದಾರೀಲಿ ಚಿಕ್ಕಮಗಳೂರು ಹತ್ರ ಹಿರೇಕೊಳಲೆ ಕೆರೆಗೆ ಸಂಜೆ ಹೊತ್ತಿಗೆ ಹೋಗಿ.

ಸಾಮಾನು ಜಾಸ್ತಿ ಬೇಡ. ಗ್ರಿಪ್ ಇರೋ ಶೂ, ಎರಡು ಜೊತೆ ಸಾಕ್ಸ್, ಪಾಂಚೋ ಥರದ ರೇನ್‌ಕೋಟ್ (ಗಾಳಿಗೆ ಛತ್ರಿ ಉಲ್ಟಾ ಆಗುತ್ತೆ), ಎರಡು ಲೀಟರ್ ನೀರು, ಬೆಲ್ಲ ಕಡ್ಲೆಬೀಜ, ಟಾರ್ಚು, ಮೊಬೈಲಿಗೊಂದು ಜಿಪ್ ಕವರ್. ಜೀನ್ಸ್ ಮಾತ್ರ ಹಾಕ್ಬೇಡಿ, ನೆನೆದ್ರೆ ಭಾರ, ಒಣಗೋದೂ ಇಲ್ಲ. ಭಾನುವಾರ ರಾತ್ರಿ ಕಳಸದಿಂದ ವಾಪಸ್ ಬಸ್ಸಿಗೆ ಸೀಟು ಮೊದ್ಲೇ ರಿಸರ್ವ್ ಮಾಡಿ, ಟೈಮ್ ಉಳಿದ್ರೆ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿ ಸನ್ನಿಧೀಲಿ ಊಟ ಮಾಡ್ಕೊಂಡೇ ಬಸ್ ಹತ್ಬಹುದು.